ಊರಿಂದ ಬಂದ ಕಾಳಿಗೆ ಯುಗಾದಿಯೊಳಗೇ ಹುಳ: ವರ್ಷಪೂರ್ತಿ ಇಡೋದು ಹೇಗೆ?

ಹೊಸಮನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವಿರುವುದು ಬೆಂಗಳೂರಿನಲ್ಲಿ, ಬಾಡಿಗೆ ಮನೆ, ಎರಡನೇ ಮಹಡಿ. ಅತ್ತೆ ಮಾವ ಅರಸೀಕೆರೆ ಕಡೆ ಹಳ್ಳಿಯಲ್ಲಿದ್ದಾರೆ. ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಅಲಸಂದೆ, ಹುರುಳಿ, ಒಣ ಅವರೆ, ಇಡೀ ತೊಗರಿ, ರಾಗಿ ಎಲ್ಲ ಕಳಿಸುತ್ತಾರೆ. ವರ್ಷಕ್ಕಾಗುವಷ್ಟು ಇರುತ್ತದೆ.

ರಾಗಿಗೆ ಏನೂ ಆಗುವುದಿಲ್ಲ. ಕಾಳಿನದ್ದೇ ತೊಂದರೆ. ಬಂದಾಗ ನೋಡಿದರೆ ಒಂದು ತೂತೂ ಇರುವುದಿಲ್ಲ, ಚೆನ್ನಾಗಿ ಹೊಳೆಯುತ್ತಿರುತ್ತದೆ. ಯುಗಾದಿ ಹೊತ್ತಿಗೆ ಡಬ್ಬ ತೆಗೆದರೆ ಕಂದು ಹುಳಗಳು ಹರಿದಾಡುತ್ತವೆ, ತಳದಲ್ಲಿ ಪುಡಿ, ಒಂದೊಂದು ಕಾಳಿಗೆ ಎರಡು ಮೂರು ತೂತು. ಅಲಸಂದೆಗೆ ಎಲ್ಲಕ್ಕಿಂತ ಮೊದಲು ಹಿಡಿಯುತ್ತದೆ. ಡಬ್ಬ ತೊಳೆದು ಬಿಸಿಲಿಗಿಟ್ಟು ಒಣಗಿಸಿಯೇ ತುಂಬಿದ್ದೆ. ಬೇವಿನ ಎಲೆಯನ್ನೂ ಹಾಕಿದ್ದೆ. ಮುಚ್ಚಳವೂ ಬಿಗಿ ಇದೆ. ಆದರೂ ಎಲ್ಲಿಂದ ಬರುತ್ತದೆ ಇದು?

ಪಕ್ಕದ ಮನೆಯವರು ಒಂದು ಗುಳಿಗೆ ಇಡಿ ಎನ್ನುತ್ತಿದ್ದಾರೆ. ಬಟ್ಟೆಯಲ್ಲಿ ಕಟ್ಟಿ ಚೀಲದೊಳಗೆ ಇಟ್ಟರೆ ಒಂದು ಹುಳವೂ ಉಳಿಯುವುದಿಲ್ಲವಂತೆ. ಮನೆಯಲ್ಲಿ ಎರಡು ವರ್ಷದ ಮಗು ಇದೆ, ನನಗೆ ಭಯ. ಮಾವ ಈ ವಯಸ್ಸಿನಲ್ಲಿ ಬೆಳೆದು, ಬಡಿದು, ಕೇರಿ ಕಳಿಸಿದ್ದನ್ನು ಕಸದ ಗಾಡಿಗೆ ಹಾಕುವಾಗ ಹೊಟ್ಟೆ ಉರಿಯುತ್ತದೆ. ಈ ವರ್ಷದ್ದು ಮುಂದಿನ ವಾರ ಬರುತ್ತದೆ. ಗೊತ್ತಿರುವವರು ದಯವಿಟ್ಟು ಹೇಳಿ. ಅಕ್ಕಿ, ರವೆಗೂ ಏನಾದರೂ ಉಪಾಯ ಇದ್ದರೆ ತಿಳಿಸಿ.

ಸಿರಾ ಕಡೆಯವಳು:

ತಂಗಿ, ಮೊದಲು ಒಂದು ಮಾತು. ಆ ಗುಳಿಗೆ ಬೇಡವೇ ಬೇಡ. ಯಾಕೆ ಅಂತ ಆಮೇಲೆ ಬರೆಯುತ್ತೇನೆ. ಈಗ ಕಾಳಿನ ವಿಷಯ.

ಹುಳ ನಿಮ್ಮ ಡಬ್ಬದಿಂದ ಬಂದಿಲ್ಲ, ಅಡುಗೆಮನೆಯಿಂದಲೂ ಬಂದಿಲ್ಲ. ಹೊಲದಿಂದಲೇ ಬಂದಿದೆ. ಕಾಯಿ ಬಲಿತು ಗಿಡದಲ್ಲೇ ಒಣಗುವ ಹೊತ್ತಿಗೆ ಈ ದುಂಬಿ ಹಾರಿ ಬಂದು ಮೊಟ್ಟೆ ಇಡುತ್ತದೆ. ಕಣದಲ್ಲಿ, ಹಳೇ ಗೋಣಿಚೀಲದಲ್ಲಿ ಇನ್ನಷ್ಟು ಸೇರಿಕೊಳ್ಳುತ್ತದೆ. ಮೊಟ್ಟೆ ಒಡೆದ ಮರಿ ಹೊರಗೆ ಓಡಾಡುವುದೇ ಇಲ್ಲ. ಮೊಟ್ಟೆಯ ಅಡಿಯಿಂದಲೇ ಕಾಳಿನೊಳಕ್ಕೆ ಕೊರೆದು ಹೋಗಿಬಿಡುತ್ತದೆ. ಅದಕ್ಕೇ ನಿಮಗೆ ತೂತು ಕಾಣಲಿಲ್ಲ. ಅಲಸಂದೆಯನ್ನು ಅಂಗೈ ಮೇಲೆ ಹಾಕಿಕೊಂಡು ಬೆಳಕಿಗೆ ಹಿಡಿದು ನೋಡಿ. ಸಾಸಿವೆಗಿಂತ ಚಿಕ್ಕದಾದ ಬಿಳಿ ಚುಕ್ಕಿ ಸಿಪ್ಪೆಗೆ ಅಂಟಿಕೊಂಡಿದ್ದರೆ ಅದೇ ಮೊಟ್ಟೆ. ಒಳಗಿರುವ ಮರಿ ತಿರುಳು ತಿಂದು, ದುಂಬಿಯಾಗಿ, ದುಂಡನೆ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಬೇಸಿಗೆಯಲ್ಲಿ ಇದಕ್ಕೆ ಹೆಚ್ಚುಕಡಿಮೆ ಒಂದು ತಿಂಗಳು ಸಾಕು. ಹೊರಗೆ ಬಂದ ದುಂಬಿ ಕಾಳು ತಿನ್ನುವುದಿಲ್ಲ. ಜೋಡಿಯಾಗಿ ಮೊಟ್ಟೆ ಇಟ್ಟು ಸಾಯುತ್ತದೆ, ಅಷ್ಟೆ. ಆದರೆ ಒಂದೊಂದೂ ಹತ್ತಾರು ಮೊಟ್ಟೆ ಇಡುತ್ತದೆ. ಸಂಕ್ರಾಂತಿಗೆ ಚೀಲದಲ್ಲಿ ನಾಲ್ಕೈದು ಇದ್ದದ್ದು ಯುಗಾದಿಗೆ ಎರಡು ತಲೆಮಾರು ದಾಟಿರುತ್ತದೆ. ಇನ್ನು ಉಳಿಯುವುದೇನು?

ಹಾಗಾಗಿ ಮುಚ್ಚಳ ಬಿಗಿ ಮಾಡುವುದಕ್ಕೆ ಮೊದಲು ಒಳಗೆ ಇರುವುದನ್ನು ಸಾಯಿಸಬೇಕು. ಇಲ್ಲದಿದ್ದರೆ ಕಳ್ಳನನ್ನು ಒಳಗೆ ಬಿಟ್ಟು ಬೀಗ ಹಾಕಿದ ಹಾಗೆ. ಬೇವಿನ ಎಲೆ, ಲಕ್ಕಿ ಸೊಪ್ಪು, ಬಜೆ ಬೇರು, ಒಣಮೆಣಸಿನಕಾಯಿ, ಇವೆಲ್ಲ ಹೊರಗಿನ ಹುಳವನ್ನು ಸ್ವಲ್ಪ ದೂರ ಇಡುತ್ತವೆ. ನಾನೂ ಹಾಕುತ್ತೇನೆ. ಆದರೆ ಕಾಳಿನೊಳಗಿನ ಮರಿಗೆ ಎಲೆಯಿಂದ ಏನೂ ಆಗುವುದಿಲ್ಲ. ಹಸಿ ಎಲೆ ಹಾಕಿದರಂತೂ ತೇವ ಸೇರಿ ಇನ್ನೂ ಕೆಡುತ್ತದೆ. ಹಾಕುವುದಾದರೆ ನೆರಳಲ್ಲಿ ಪೂರ್ತಿ ಒಣಗಿಸಿದ ಎಲೆ ಹಾಕಿ.

ಕಾಳು ಮನೆಗೆ ಬಂದ ದಿನವೇ ಮೊರಕ್ಕೆ ಹಾಕಿ ಕೇರಿ, ಒಡಕು, ಹೊಟ್ಟು, ಪುಡಿ ತೆಗೆಯಿರಿ. ಆಮೇಲೆ ಒಣಗಿದೆಯಾ ನೋಡಿ. ಹಲ್ಲಲ್ಲಿ ಕಚ್ಚಿದರೆ ಕಟಕ್ ಅಂತ ಸಿಡಿಯಬೇಕು, ಹಲ್ಲಿನ ಗುರುತು ಬೀಳಬಾರದು. ಇನ್ನೊಂದು ಪರೀಕ್ಷೆ ಇದೆ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಕಾಲುಭಾಗ ಕಾಳು, ಒಂದು ಚಮಚ ಒಣ ಪುಡಿ ಉಪ್ಪು ಹಾಕಿ ಕುಲುಕಿ. ಹತ್ತು ಹದಿನೈದು ನಿಮಿಷ ಬಿಟ್ಟು ನೋಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ನೂರಕ್ಕೆ 15ಕ್ಕಿಂತ ಜಾಸ್ತಿ ಇದೆ. ಅಂಟದಿದ್ದರೂ ಅಷ್ಟಕ್ಕೇ ನಿಲ್ಲಿಸಬೇಡಿ. ದ್ವಿದಳ ಧಾನ್ಯ ವರ್ಷ ನಿಲ್ಲಬೇಕಾದರೆ ತೇವ 10ರ ಆಸುಪಾಸಿಗೆ ಇಳಿದಿರಬೇಕು. ಇನ್ನೆರಡು ಬಿಸಿಲು ಕೊಡಿ.

ಈಗ ಮುಖ್ಯವಾದ್ದು. ಸುಮ್ನೆ ತಾರಸಿಯಲ್ಲಿ ಹರಡಿದರೆ ಕಾಳು ಒಣಗುತ್ತದೆ, ಹುಳ ಸಾಯುವುದಿಲ್ಲ. ದುಂಬಿಗಳು ಬಿಸಿಲು ತಾಗಿದ ತಕ್ಷಣ ನೆರಳಿಗೆ ಓಡುತ್ತವೆ, ಒಳಗಿನ ಮರಿ ಒಳಗೇ ಇರುತ್ತದೆ. ಅದಕ್ಕೆ ಹೀಗೆ ಮಾಡಿ. ಕೆಳಗೆ ಒಂದು ಗೋಣಿ ಹಾಸಿ, ಅದರ ಮೇಲೆ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಕಿ. ಕಾಳನ್ನು ಒಂದು ಬೆರಳು ದಪ್ಪಕ್ಕಿಂತ ಜಾಸ್ತಿ ಆಗದ ಹಾಗೆ ಹರಡಿ. ಮೇಲೆ ತೆಳು ಪಾರದರ್ಶಕ ಹಾಳೆ ಮುಚ್ಚಿ, ನಾಲ್ಕೂ ಅಂಚನ್ನು ಮಡಚಿ ಕಲ್ಲು ಹೇರಿ. ಗಾಳಿ ಆಡಬಾರದು. ಬೆಳಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ಬಿಡಿ. ಮಾಘ, ಫಾಲ್ಗುಣದ ಬಿಸಿಲಿಗೆ ಒಳಗಿನ ಶಾಖ 60 ಡಿಗ್ರಿ ಹತ್ತಿರ ಹೋಗುತ್ತದೆ. ಆ ಶಾಖಕ್ಕೆ ಮೊಟ್ಟೆ, ಮರಿ, ದುಂಬಿ ಯಾವುದೂ ಉಳಿಯುವುದಿಲ್ಲ. ಒಣಗಿಸುವ ಕೆಲಸ ಮುಗಿದ ಮೇಲೆ ಮಾತ್ರ ಹೀಗೆ ಮುಚ್ಚಿ. ತೇವದ ಕಾಳನ್ನು ಮುಚ್ಚಿದರೆ ಹಾಳೆಯ ಒಳಗೆ ಬೆವರು ಕಟ್ಟುತ್ತದೆ.

ಬಿಸಿ ಬಿಸಿ ಇರುವಾಗಲೇ ಡಬ್ಬಕ್ಕೆ ತುಂಬಬೇಡಿ. ನೆರಳಿಗೆ ತಂದು, ಬಟ್ಟೆ ಮುಚ್ಚಿ, ರಾತ್ರಿಯೆಲ್ಲ ಆರಲು ಬಿಡಿ. ಬೆಳಗ್ಗೆ ತುಂಬಿ. ಬಿಸಿ ತುಂಬಿದರೆ ಒಳಗೆ ಹಬೆ ಕಟ್ಟಿ ಬೂಷ್ಟು ಬರುತ್ತದೆ. ಆಗ ಹುಳದಿಂದ ಉಳಿದದ್ದು ಬೂಷ್ಟಿಗೆ ಹೋಗುತ್ತದೆ.

ತುಂಬುವುದಕ್ಕೆ ದೊಡ್ಡ ಡಬ್ಬ ಬೇಡ. ತಂಪು ಪಾನೀಯದ ಎರಡು ಲೀಟರ್ ಬಾಟಲಿಗಳು ಮನೆಗೆ ಬರುತ್ತಿರುತ್ತವಲ್ಲ, ಅವನ್ನು ತೊಳೆದು, ತಲೆಕೆಳಗೆ ಇಟ್ಟು, ಹನಿ ನೀರೂ ಇಲ್ಲದಂತೆ ಒಣಗಿಸಿ. ಕಾಳು ತುಂಬುತ್ತಾ ನೆಲಕ್ಕೆ ಮೆಲ್ಲಗೆ ಕುಟ್ಟಿ, ಕುತ್ತಿಗೆವರೆಗೆ ಗಿಜಿಗಿಜಿ ತುಂಬಿ ಬಿರಡೆ ಬಿಗಿಯಿರಿ. ಒಳಗೆ ಗಾಳಿ ಕಡಿಮೆ ಇದ್ದಷ್ಟೂ ಒಳ್ಳೆಯದು. ಎಲ್ಲೋ ಒಂದು ಮರಿ ಬದುಕಿದ್ದರೂ ಇದ್ದಷ್ಟು ಗಾಳಿ ಉಸಿರಾಡಿ ಮುಗಿಸಿ ಸಾಯುತ್ತದೆ. ಒಂದು ಬಾಟಲಿ ತೆಗೆದರೆ ಅದು ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಬೇಡಿ. ದೊಡ್ಡ ಡಬ್ಬವನ್ನು ದಿನಾ ತೆಗೆದು ಹಾಕಿದರೆ ದಿನಾ ಹೊಸ ಗಾಳಿ ಸಿಗುತ್ತದೆ ಅದಕ್ಕೆ.

ಇದೇನೂ ಹೊಸದಲ್ಲ. ನಮ್ಮ ಕಡೆ ಹಿಂದೆ ರಾಗಿಯನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದೊಳಗೆ ತೋಡಿದ ಗುಂಡಿ, ಬಾಯಿ ಚಿಕ್ಕದು, ಒಳಗೆ ಅಗಲ. ರಾಗಿ ತುಂಬಿ, ಮೇಲೆ ಹುಲ್ಲು ಒತ್ತಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಹಾಗೇ ಇರುತ್ತಿತ್ತು. ಬರಗಾಲ ಬಂದಾಗ ಊರನ್ನು ಸಾಕಿದ್ದು ಆ ರಾಗಿ. ತೆಗೆದ ದಿನ ಯಾರೂ ತಕ್ಷಣ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲ ಅಂತ ಅರ್ಥ. ಆತುರಪಟ್ಟು ಇಳಿದು ಪ್ರಾಣ ಕಳೆದುಕೊಂಡವರೂ ಇದ್ದಾರೆ. ಮನುಷ್ಯನಿಗೆ ಉಸಿರು ಸಿಗದ ಕಡೆ ಹುಳಕ್ಕೂ ಸಿಗುವುದಿಲ್ಲ. ಬಾಟಲಿ ಕೂಡ ಮಾಡುವುದು ಅದನ್ನೇ.

ಇಲಿ ಕಾಟ ಇದ್ದರೆ ಬಾಟಲಿಗಳನ್ನು ತಗಡಿನ ಟ್ರಂಕಿನೊಳಗೆ ಇಡಿ. ಪ್ಲಾಸ್ಟಿಕ್ಕನ್ನು ಕಡಿದುಬಿಡುತ್ತವೆ.

ಹೊಸಮನೆ:

ಅಕ್ಕಾ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಬಿಳಿ ಚುಕ್ಕಿ ಈಗಲೇ ಹೋಗಿ ನೋಡಿದೆ. ಹಳೇ ಅಲಸಂದೆಯಲ್ಲಿ ಪ್ರತಿ ಕಾಳಿಗೂ ಇದೆ!

ಒಂದೇ ಕಷ್ಟ. ತಾರಸಿ ಓನರ್ ಅವರದ್ದು. ಭಾನುವಾರ ಮಾತ್ರ ಬಿಡುತ್ತಾರೆ, ಅದೂ ಒಂದು ಮೂಲೆ. ಎಲ್ಲ ಕಾಳನ್ನೂ ಒಂದೇ ದಿನ ಹರಡಲು ಜಾಗ ಸಾಲದು. ಫ್ರಿಜ್ ಚಿಕ್ಕದು. ಹುಳ ಹಿಡಿದ ಈ ಹಳೇ ಕಾಳನ್ನು ತಿನ್ನಬಹುದಾ?

ಧಾರವಾಡ ಮಂದಿ:

ಸಿರಾ ಅಕ್ಕಾರ ಮಾತು ಖರೇ. ಜಾಗ ಇಲ್ಲ ಅಂದರೆ ಹರಳೆಣ್ಣೆ ಹಚ್ಚಿ ಇಡಿ. ನಮ್ಮ ಮನೆಯಲ್ಲಿ ಅಲಸಂದಿ, ಹೆಸರು, ಮಡಕಿ ಎಲ್ಲಕ್ಕೂ ಇದನ್ನೇ ಮಾಡುತ್ತೇವೆ. ಒಂದು ಕೆಜಿ ಕಾಳಿಗೆ ಸಣ್ಣ ಚಮಚದಲ್ಲಿ ಒಂದು ಚಮಚ, ಅಂದರೆ 5 ಎಂ.ಎಲ್. ಸಾಕು. ಪರಾತದಲ್ಲಿ ಹಾಕಿಕೊಂಡು ಎರಡೂ ಅಂಗೈಯಿಂದ ಉಜ್ಜುತ್ತಾ ಹೋಗಬೇಕು. ಪ್ರತಿ ಕಾಳೂ ಮಿಂಚಬೇಕು, ಆದರೆ ಕೈಗೆ ಜಿಡ್ಡು ಹತ್ತಬಾರದು. ಗಡಿಬಿಡಿ ಮಾಡಿದರೆ ಅರ್ಧ ಕಾಳಿಗೆ ಎಣ್ಣೆ ತಾಗುವುದೇ ಇಲ್ಲ, ಅಲ್ಲೇ ಹುಳ ಶುರುವಾಗುತ್ತದೆ. ಎಣ್ಣೆ ಮೊಟ್ಟೆಯ ಮೇಲೆ ಪದರ ಕಟ್ಟಿದರೆ ಅದಕ್ಕೆ ಗಾಳಿ ಸಿಗುವುದಿಲ್ಲ, ಒಡೆಯುವುದಿಲ್ಲ. ದುಂಬಿಗೂ ಜಾರುವ ಕಾಳಿನ ಮೇಲೆ ಮೊಟ್ಟೆ ಅಂಟಿಸಲು ಆಗುವುದಿಲ್ಲ. ಅಡುಗೆಗೆ ಮೊದಲು ಬಿಸಿನೀರಲ್ಲಿ ಒಮ್ಮೆ ತೊಳೆದರೆ ವಾಸನೆ ಉಳಿಯುವುದಿಲ್ಲ. ಔಷಧಿ ಅಂಗಡಿಯಲ್ಲಿ ಸುಗಂಧ ಹಾಕಿ ಮಾರುವುದು ಬೇಡ, ಗಾಣದ ಶುದ್ಧ ಎಣ್ಣೆ ತನ್ನಿ.

ಎಣ್ಣೆ ಹಚ್ಚುವ ಕೆಲಸ ಕಾಳು ಬಂದ ಹೊಸದರಲ್ಲೇ ಆಗಬೇಕು. ಮರಿ ಒಳಗೆ ಹೊಕ್ಕ ಮೇಲೆ ಎಣ್ಣೆಗೆ ಅಷ್ಟು ಬಲ ಇಲ್ಲ.

ತೊಗರಿಯನ್ನು ಇಡಿಯಾಗಿ ವರ್ಷವಿಡೀ ಯಾಕೆ ಇಟ್ಟುಕೊಳ್ಳುತ್ತೀರಿ? ಬೇಳೆ ಮಾಡಿಸಿಬಿಡಿ. ಈ ಹುಳಕ್ಕೆ ದುಂಡನೆ ಇಡೀ ಕಾಳೇ ಬೇಕು. ಸಿಪ್ಪೆ ಹೋಗಿ ಎರಡು ಹೋಳಾದ ಬೇಳೆಗೆ ಅಷ್ಟಾಗಿ ಹತ್ತುವುದಿಲ್ಲ.

ಸಿರಾ ಕಡೆಯವಳು:

ಧಾರವಾಡದವರು ಹೇಳಿದ್ದು ಸರಿ. ಬೇಳೆ ಮಾಡಿಸುವುದನ್ನು ನಾನೇ ಮೊದಲು ಹೇಳಬೇಕಿತ್ತು. ನಮ್ಮಲ್ಲಿ ತೊಗರಿಗೆ ಕೆಮ್ಮಣ್ಣು ಕಟ್ಟುತ್ತಾರೆ. ಕಾಳು ನೆನೆಸಿ, ಕೆಮ್ಮಣ್ಣಿನ ರಾಡಿಯಲ್ಲಿ ಕಲಸಿ, ಒಂದು ರಾತ್ರಿ ಗುಡ್ಡೆ ಹಾಕಿ, ಆಮೇಲೆ ಬಿಸಿಲಿಗೆ ಒಣಗಿಸಿ ಬೀಸಿದರೆ ಸಿಪ್ಪೆ ಸಲೀಸಾಗಿ ಬಿಡುತ್ತದೆ. ನಿಮ್ಮ ಅತ್ತೆಗೆ ಗೊತ್ತೇ ಇರುತ್ತದೆ. ಊರಲ್ಲೇ ಮಾಡಿಸಿ ಕಳಿಸಲು ಹೇಳಿ. ಬೆಂಗಳೂರಿನಲ್ಲಿ ಅದು ಆಗದ ಕೆಲಸ.

ಜಾಗದ ಮಾತು. ಒಂದು ಭಾನುವಾರ ಅಲಸಂದೆ, ಮುಂದಿನ ಭಾನುವಾರ ಅವರೆ ಅಂತ ಮಾಡಿ. ಹುರುಳಿ ಕೊನೆಗಿರಲಿ, ಅದು ಸ್ವಲ್ಪ ತಡೆಯುತ್ತದೆ. ಕಾಯುವ ಕಾಳಿಗೆ ಬಂದ ದಿನವೇ ಹರಳೆಣ್ಣೆ ಹಚ್ಚಿಬಿಟ್ಟರೂ ಆಯಿತು. ಎಣ್ಣೆ ಹಚ್ಚಿದ್ದನ್ನು ಮತ್ತೆ ಬಿಸಿಲಿಗೆ ಇಡಬೇಡಿ, ಕಮಟು ವಾಸನೆ ಬರುತ್ತದೆ.

ಹಳೇ ಕಾಳನ್ನು ನೀರಿಗೆ ಹಾಕಿ ನೋಡಿ. ತೇಲಿದ್ದು ಟೊಳ್ಳು, ತೆಗೆದುಬಿಡಿ. ಮುಳುಗಿದ್ದರಲ್ಲಿ ತೂತು ಕಡಿಮೆ ಇದ್ದು ವಾಸನೆ ಇಲ್ಲದಿದ್ದರೆ ಅವತ್ತೇ ಬೇಯಿಸಬಹುದು. ಆದರೆ ನೀವು ಹೇಳಿದ ಹಾಗೆ ಪ್ರತಿ ಕಾಳಿಗೂ ಮೊಟ್ಟೆ, ತಳದಲ್ಲಿ ಪುಡಿ ಇದ್ದರೆ ಮನೆಯವರಿಗೆ ಹಾಕಬೇಡಿ. ಹುಳದ ಹಿಕ್ಕೆ, ಪೊರೆ ಎಲ್ಲ ಅದರಲ್ಲೇ ಇರುತ್ತದೆ. ಮಗುವಿಗಂತೂ ಬೇಡ. ಕೋಳಿ ಸಾಕಿದವರಿಗೆ ಕೊಡಿ. ಮುಖ್ಯವಾಗಿ ಹೊಸ ಕಾಳು ಮನೆಗೆ ಬರುವ ಮೊದಲೇ ಅದು ಹೊರಗೆ ಹೋಗಿರಬೇಕು.

ಇನ್ನು ಗುಳಿಗೆ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದ ತಕ್ಷಣ ಫಾಸ್ಫೀನ್ ಅನ್ನುವ ವಿಷದ ಅನಿಲ ಬಿಡಲು ಶುರು ಮಾಡುತ್ತದೆ. ಅದು ಗೋದಾಮಿಗೆ ಮಾಡಿದ್ದು. ಅಲ್ಲಿ ಮೂಟೆಗಳಿಗೆ ಗಾಳಿಯಾಡದ ಹೊದಿಕೆ ಹಾಕಿ, ತರಬೇತಿ ಆದವರು ಇಟ್ಟು, ಜನರನ್ನು ದೂರ ಇಟ್ಟು, ದಿನಗಟ್ಟಲೆ ಬಿಟ್ಟು, ಆಮೇಲೆ ಗಾಳಿಯಾಡಿಸಿ ತೆಗೆಯುತ್ತಾರೆ. ನಮ್ಮ ದೇಶದಲ್ಲಿ ಇದನ್ನು ಯಾರಿಗೆ ಬೇಕಾದರೂ ಮಾರುವ ಹಾಗಿಲ್ಲ. ಆದರೂ ಸಂತೆಯಲ್ಲಿ, ಅಂಗಡಿಯಲ್ಲಿ ಕೈಗೆ ಸಿಗುತ್ತದೆ. ಧಾನ್ಯಕ್ಕೆ ಇದನ್ನಿಟ್ಟ ಕೋಣೆಯಲ್ಲಿ ಮಲಗಿ ಬೆಳಗ್ಗೆ ಏಳದವರಿದ್ದಾರೆ. ಈ ವಿಷಕ್ಕೆ ಪ್ರತಿವಿಷ ಇಲ್ಲ. ಆಸ್ಪತ್ರೆಗೆ ಒಯ್ದರೂ ದೇಹ ತಡೆದುಕೊಳ್ಳುವಂತೆ ನೋಡಿಕೊಳ್ಳಬಹುದೇ ಹೊರತು ವಿಷ ಇಳಿಸುವ ಮದ್ದಿಲ್ಲ. ಬಟ್ಟೆಯಲ್ಲಿ ಕಟ್ಟಿದರೆ ಅನಿಲ ನಿಲ್ಲುತ್ತದಾ? ಎರಡು ವರ್ಷದ ಮಗು ಆಡುವ ಮನೆ ಅದು. ಪಕ್ಕದ ಮನೆಯವರು ಇಟ್ಟುಕೊಂಡಿದ್ದರೆ ಅವರಿಗೂ ಹೇಳಿ ತಂಗಿ, ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು ನಿಮ್ಮವು.

ಅಂಗಡಿ ಅಣ್ಣ:

ಮೈಸೂರಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದೇನೆ. ಅಕ್ಕಿ, ರವೆ ಬಗ್ಗೆ ಹೇಳುತ್ತೇನೆ.

ಅಕ್ಕಿ ಹುಳ ಬೇರೆ ಜಾತಿ. ಮುಂದೆ ಸೊಂಡಿಲಿನ ಹಾಗೆ ಉದ್ದ ಮೂತಿ ಇರುತ್ತದೆ. ಅದು ಅಕ್ಕಿಯಲ್ಲಿ ಚಿಕ್ಕ ಗುಳಿ ಕೊರೆದು ಒಳಗೆ ಮೊಟ್ಟೆ ಇಟ್ಟು ಮೇಲೆ ಅಂಟು ಮುಚ್ಚಿಬಿಡುತ್ತದೆ. ಕಣ್ಣಿಗೆ ಕಾಣುವುದೇ ಇಲ್ಲ. ಅಕ್ಕಿಯನ್ನು ಮಾತ್ರ ಕಾಳಿನ ಹಾಗೆ ಬಿಸಿಲಿಗೆ ಕಾಯಿಸಬೇಡಿ. ಒಳಗೆ ಬಿರುಕು ಬಿಟ್ಟು ಅನ್ನ ಮಾಡಿದಾಗ ನುಚ್ಚಾಗುತ್ತದೆ. ಅಕ್ಕಿಗೆ ಇರುವ ದಾರಿ ಅಂದರೆ ಒಂದೆರಡು ತಿಂಗಳಿಗೆ ಆಗುವಷ್ಟೇ ತರುವುದು, ಅಕ್ಕ ಹೇಳಿದ ಹಾಗೆ ಬಾಟಲಿಗೋ ಚಿಕ್ಕ ಡಬ್ಬಕ್ಕೋ ಬಿಗಿಯಾಗಿ ತುಂಬುವುದು. ಕೆಲವರು ಬೋರಿಕ್ ಪುಡಿ ಕಲಸಿ ಇಡುತ್ತಾರೆ. ತೊಳೆದರೆ ಹೋಗುತ್ತದೆ ಅನ್ನುವ ಧೈರ್ಯ. ಅದೂ ವಿಷವೇ, ತಿನ್ನುವ ಪದಾರ್ಥಕ್ಕೆ ಬೇಡ.

ರವೆಯನ್ನು ತಂದ ದಿನವೇ ಸಣ್ಣ ಉರಿಯಲ್ಲಿ ಬೆಚ್ಚಗೆ ಹುರಿದು, ಪೂರ್ತಿ ಆರಿಸಿ ತುಂಬಿ. ಉಪ್ಪಿಟ್ಟು ಮಾಡುವಾಗ ಒಂದು ಕೆಲಸವೂ ಕಡಿಮೆ. ರವೆಯಲ್ಲಿ ಜೇಡರ ಬಲೆ ತರಹ ಕಟ್ಟಿ ಉಂಡೆ ಉಂಡೆಯಾಗಿದ್ದರೆ ಅದು ಪತಂಗದ ಮರಿ, ಜರಡಿ ಹಿಡಿದು ಬಳಸಬೇಡಿ, ಚೆಲ್ಲಿ. ರಾಗಿ ಹಿಟ್ಟು, ಗೋಧಿ ಹಿಟ್ಟಿನಲ್ಲಿ ಕೆಂಪಗೆ ಚಿಕ್ಕ ಹುಳ ಬರುತ್ತದೆ. ಜಾಸ್ತಿ ಆದರೆ ಹಿಟ್ಟಿಗೆ ಒಂಥರಾ ಘಾಟು ವಾಸನೆ ಹಿಡಿಯುತ್ತದೆ. ರಾಗಿ ವರ್ಷ ನಿಂತರೂ ಹಿಟ್ಟು ನಿಲ್ಲುವುದಿಲ್ಲ. ಹದಿನೈದು ದಿನಕ್ಕಾಗುವಷ್ಟೇ ಬೀಸಿಸಿ. ಡಬ್ಬದ ತಳದಲ್ಲಿ ಹಳೇ ಹಿಟ್ಟು ಇದ್ದಾಗ ಮೇಲೆ ಹೊಸದು ಸುರಿಯುವ ಅಭ್ಯಾಸ ತುಂಬಾ ಮನೆಗಳಲ್ಲಿದೆ. ಹುಳ ಒಂದು ದಿನವೂ ಉಪವಾಸ ಬೀಳದ ಹಾಗೆ ನೋಡಿಕೊಂಡಂತೆ ಅದು. ಮುಚ್ಚಳದ ಸುರುಳಿ, ರಬ್ಬರ್ ಅಂಚಿನ ಸಂದು, ಇವನ್ನು ಒಣ ಬ್ರಷ್‌ನಲ್ಲಿ ಉಜ್ಜಿ. ಅಲ್ಲೇ ಅಡಗಿರುತ್ತವೆ.

ಮಸ್ಕತ್‌ನಿಂದ:

ಫ್ರಿಜ್ ಚಿಕ್ಕದಾದರೂ ಪರವಾಗಿಲ್ಲ. ಮೇಲಿನ ಫ್ರೀಜರ್‌ನಲ್ಲಿ ಎರಡು ಕೆಜಿ ಹಿಡಿದರೆ ಸಾಕು, ಸರದಿ ಮೇಲೆ ಮಾಡಿ. ನಾವು ಊರಿಂದ ತಂದ ಅವರೆ, ಹುರುಳಿಯನ್ನು ಹೀಗೇ ಇಡುತ್ತೇವೆ. ಒಣಗಿದ ಕಾಳನ್ನು ದಪ್ಪ ಕವರಿನಲ್ಲಿ ಗಾಳಿ ತೆಗೆದು ಕಟ್ಟಿ, ಮೈನಸ್ 18 ಡಿಗ್ರಿಯಲ್ಲಿ ಕಡಿಮೆ ಅಂದರೂ ನಾಲ್ಕು ದಿನ ಇಡಬೇಕು. ದಿನಾ ಬಾಗಿಲು ತೆಗೆಯುವ ಫ್ರಿಜ್ ಆದರೆ ಒಂದು ವಾರ ಬಿಡಿ. ಕೆಳಗಿನ ತಣ್ಣನೆ ಭಾಗದಲ್ಲಿ ಇಟ್ಟರೆ ಹುಳ ಸಾಯುವುದಿಲ್ಲ, ಬೆಳೆಯುವುದು ನಿಧಾನವಾಗುತ್ತದೆ ಅಷ್ಟೆ.

ಹೊರಗೆ ತೆಗೆದ ಮೇಲೆ ಕವರ್ ಬಿಚ್ಚಬೇಡಿ. ಕೋಣೆಯ ಶಾಖಕ್ಕೆ ಬರುವವರೆಗೆ ಕಟ್ಟಿದ ಹಾಗೇ ಇರಲಿ. ತಣ್ಣಗಿರುವಾಗಲೇ ಬಿಚ್ಚಿದರೆ ಕಾಳಿನ ಮೇಲೆ ನೀರು ಕೂರುತ್ತದೆ.

ಹೊಸಮನೆ:

ಎಲ್ಲರಿಗೂ ತುಂಬಾ ಧನ್ಯವಾದ. ತೊಗರಿ ಬೇಳೆ ಮಾಡಿಸಲು ಅತ್ತೆಗೆ ಫೋನ್ ಮಾಡಿ ಹೇಳಿದೆ, ಖುಷಿಯಿಂದ ಒಪ್ಪಿದರು. ಮಾವನ ಒಂದು ಪ್ರಶ್ನೆ ಇದೆ. ಬಿತ್ತನೆಗೆ ಅಂತ ಅಲಸಂದೆ, ಅವರೆ ತೆಗೆದಿಟ್ಟುಕೊಳ್ಳುತ್ತಾರೆ. ಅದಕ್ಕೂ ಪ್ಲಾಸ್ಟಿಕ್ ಮುಚ್ಚಿ ಬಿಸಿಲಿಗೆ ಇಡಬಹುದಾ, ಮೊಳಕೆ ಹೋಗುವುದಿಲ್ಲವಾ ಅಂತ ಕೇಳುತ್ತಿದ್ದಾರೆ.

ಸಿರಾ ಕಡೆಯವಳು:

ಅವರು ಕೇಳಿದ್ದು ಒಳ್ಳೆಯದಾಯಿತು. ಬಿತ್ತನೆ ಬೀಜಕ್ಕೆ ಆ ಶಾಖ ಬೇಡ. ತೇವ ಉಳಿದಿದ್ದರೆ ಮೊಳಕೆ ಸಾಯುತ್ತದೆ. ಫ್ರೀಜರೂ ಹಾಗೆಯೇ. ಬೀಜಕ್ಕೆ ಬೂದಿಯೇ ಸರಿ, ನಮ್ಮ ಅಜ್ಜಿಯರು ಮಾಡುತ್ತಿದ್ದದ್ದು.

ಒಲೆಯ ಸೌದೆ ಬೂದಿ ಅಥವಾ ಬೆರಣಿ ಬೂದಿ ತೆಗೆದುಕೊಳ್ಳಿ. ಕೆಂಡ, ಇದ್ದಿಲು ಇಲ್ಲದ ಹಾಗೆ ಸಣ್ಣ ಜರಡಿ ಹಿಡಿದು, ಒಂದು ದಿನ ಆರಿಸಿ. ಚಿಟಿಕೆ ಬೂದಿ ಸವರಿದರೆ ಸಾಲದು. ನಾಲ್ಕು ಸೇರು ಕಾಳಿಗೆ ಮೂರು ಸೇರು ಬೂದಿ ಬೇಕು. ಕಾಳು ಕಾಳಿನ ಸಂದು ಪೂರ್ತಿ ತುಂಬಿಕೊಳ್ಳಬೇಕು. ಆಗ ದುಂಬಿಗೆ ಒಳಗೆ ನುಸುಳಲು ದಾರಿಯೇ ಇರುವುದಿಲ್ಲ. ಬೂದಿ ಅದರ ಮೈ ಮೇಲಿನ ಮೇಣದ ಪದರವನ್ನು ಕೆರೆದು ಮೈಯ ನೀರನ್ನೂ ಹೀರುತ್ತದೆ. ಮಡಕೆಗೆ ತುಂಬಿ ಕುಟ್ಟಿ ಇಳಿಸಿ, ಮೇಲೆ ಎರಡು ಬೆರಳು ದಪ್ಪ ಬರೀ ಬೂದಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಸಗಣಿ ಮಣ್ಣು ಮೆತ್ತಲಿ. ನೆಲಕ್ಕೆ ತಾಗದ ಹಾಗೆ ಅಟ್ಟದ ಮೇಲೆ ಇಡಲಿ. ಮುಂಗಾರಿಗೆ ಮೊದಲು ಒಂದು ಹಿಡಿ ತೆಗೆದು ಒದ್ದೆ ಗೋಣಿಯಲ್ಲಿ ಸುತ್ತಿ ಮೊಳಕೆ ನೋಡಿಕೊಳ್ಳಲು ಹೇಳಿ. ನೂರಕ್ಕೆ ಎಂಬತ್ತರ ಮೇಲೆ ಬಂದರೆ ಧೈರ್ಯವಾಗಿ ಬಿತ್ತಲಿ. ಅದಕ್ಕಿಂತ ಕಡಿಮೆ ಬಂದರೆ ಸಾಲಿಗೆ ಬೀಜ ಸ್ವಲ್ಪ ಒತ್ತಾಗಿ ಹಾಕಬೇಕಾಗುತ್ತದೆ.